ಗಾಲಿ ಮನಿ, ನೆಂಟರ ಓಣಿ

ಆರ್‌ವಿ ಅನ್ನೋದು ನೆಂಟರ ಕಾಟವಿಲ್ಲದ ದೇಶದಲ್ಲಿ ಹುಟ್ಟಿದ ವಾಹನ. ಹಾಸಿಗೆ, ಒಲೆ, ಫ್ರಿಜ್ಜು, ಸಿಂಕು, ಮೂಲೆಯಲ್ಲೊಂದು ಸಂಡಾಸು, ಇಷ್ಟೂ ಬಸ್ಸಿನೊಳಗೆ ತುಂಬಿಕೊಂಡು ಊರೂರು ಅಲೀಬೇಕಂದ್ರೆ ಆ ಊರುಗಳಲ್ಲಿ "ಒಂದ್ ರೊಟ್ಟಿ ಉಂಡು ಹೋಗ್ರಿ" ಅನ್ನೋರು ಒಬ್ಬರೂ ಇರಬಾರದು. ಅಮೆರಿಕದಲ್ಲಿ ಇದು ನಡೆದೀತು. ಕಲಬುರಗಿಯಿಂದ ಬೀದರಿಗೆ ಹೋಗೋ ರಸ್ತೆಯಲ್ಲಿ ನಡೆಯೋದಿಲ್ಲ.

ಅಮೆರಿಕದಲ್ಲಿರೋ ನನ್ನ ತಮ್ಮ ಹೆಂಡತಿ-ಮಕ್ಕಳ ಜೊತೆ ಇಂಥದ್ದೊಂದು ಗಾಡಿ ಬಾಡಿಗೆಗೆ ಹಿಡಿದು ಗ್ರ್ಯಾಂಡ್ ಕ್ಯಾನ್ಯನ್ ನೋಡಿ ಬಂದಿದ್ದ. ಅಲ್ಲಿ ಆರ್‌ವಿ ನಿಲ್ಲಿಸೋಕೆಂದೇ ಜಾಗಗಳಿವೆಯಂತೆ. ಒಂದು ಕಂಬದಲ್ಲಿ ಕರೆಂಟು, ಪಕ್ಕದಲ್ಲಿ ನೀರಿನ ನಳ, ನೆಲದಲ್ಲಿ ಕೊಳಚೆ ಬಿಡೋಕೆ ತೂತು. ಪೈಪು ಸಿಗಿಸಿದರೆ ಮನೆ ರೆಡಿ. ಎಳ್ಳ ಅಮಾಸಿಗೆ ಊರಿಗೆ ಬಂದವನು ಹೈದರಾಬಾದಿನಿಂದ ಅಂಥದ್ದೇ ಗಾಡಿಯೊಂದನ್ನು ಡ್ರೈವರ್ ಸಮೇತ ತರಿಸಿಬಿಟ್ಟ. ಕಲಬುರಗಿಯಿಂದ ಬೀದರಿಗೆ 110 ಕಿ.ಮೀ. ಚಿಲ್ಲರೆ. ಬೆಳಿಗ್ಗೆ ಕೆಂಪು ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಚಿಗವ್ವನ ಮನೆಯಲ್ಲಿರಬಹುದು ಅಂದೆ. "ಅಣ್ಣಾ, ಪ್ರಯಾಣ ಅಂದ್ರ ಮುಟ್ಟೋದಲ್ಲ" ಅಂತ ಇಂಗ್ಲಿಷ್ ಪೋಸ್ಟರಿನ ಧಾಟಿಯಲ್ಲಿ ಉತ್ತರ ಕೊಟ್ಟ.

ಮೊದಲ ತಪಾಸಣೆ ಅವ್ವಂದು. ಒಳಗೆ ಹತ್ತಿದವಳು ಒಲೆ ನೋಡಿದಳು, ಒಲೆ ಪಕ್ಕದ ಬಾಗಿಲು ತೆಗೆದಳು, ಪಟ್ಟನೆ ಮುಚ್ಚಿದಳು.

"ಒಲಿ ಬಾಜೂಕ ಪಾಯಖಾನಿ ಇಟ್ಟಾರಲ್ಲೋ ತಮ್ಮಾ! ಯಾವ ಮಂದಿ ಇವರು?"

ಆಮೇಲೆ ತೀರ್ಪು ಬಂತು. ಒಲೆ ಹಚ್ಚಿದರೆ ಆ ಬಾಗಿಲು ತೆಗೆಯಬಾರದು, ಆ ಬಾಗಿಲು ತೆಗೆದರೆ ಒಲೆ ಹಚ್ಚಬಾರದು. ನನ್ನ ಹೆಂಡತಿ ಅದಕ್ಕಿಂತ ಜಾಣೆ. ಸಂಡಾಸಿನೊಳಗೆ ಸೂಟ್‌ಕೇಸುಗಳನ್ನು ಸೂರಿನ ತನಕ ಒಟ್ಟಿ ಚರ್ಚೆಯನ್ನೇ ಮುಗಿಸಿದಳು. ತಮ್ಮನ ಮುಖದಲ್ಲಿ ಸಣ್ಣ ಸಮಾಧಾನವೂ ಕಂಡಿತು, ಯಾಕಂದ್ರೆ ಅದರ ಡಬ್ಬಿ ತುಂಬಿದ ಮೇಲೆ ಖಾಲಿ ಮಾಡೋರು ಯಾರು ಅಂತ ಕೇಳಿದ್ದಕ್ಕೆ ಡ್ರೈವರ್ "ಮೇರೆಕು ನಕ್ಕೋ ಬೋಲೋ ಸಾಬ್" ಅಂತ ಆಗಲೇ ಕೈ ತೊಳೆದುಕೊಂಡಿದ್ದ. ಒಲೆಯ ಪಾಡೂ ಅಷ್ಟೇ. ಕಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಹಿಂಡಿ, ಕೆಂಪು ಖಾರ, ಮೊಸರಿನ ಗಡಿಗೆ ಎಲ್ಲ ಅವ್ವ ಕಟ್ಟಿಕೊಂಡೇ ಬಂದಿದ್ದಳು. ಅನ್ನ ಬೇಯಿಸೋ ಪ್ರಸಂಗವೇ ಬರಲಿಲ್ಲ.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ಅಂತ ನಿಲ್ಲಿಸಿದೆವು. ಭೌಗೋಳಿಕ ಗುರುತು ಪಡೆದ ಹಣ್ಣು ಅದು. ಗೊನೆ ಕೈಗೆ ಬರೋಕೆ ಹೆಚ್ಚುಕಡಿಮೆ ಒಂದೂವರೆ ವರ್ಷ ಹಿಡಿಯುತ್ತೆ, ರೇಟೂ ಅದಕ್ಕೆ ತಕ್ಕಂತೆ. ಚೌಕಾಸಿಗೆ ನಾನು ಕೆಳಗಿಳಿದೆ. ಮಕ್ಕಳ ಹಟಕ್ಕೆ ತಮ್ಮ ಗಾಡಿಯ ಬದಿಯ ನೆರಳು ಪರದೆ ಬಿಚ್ಚಿ, ಮಡಚೋ ಕುರ್ಚಿ ಹಾಕಿ ಕೂತ. ಬಿಳಿ ಗಾಡಿ, ಬದಿಯಲ್ಲಿ ಪರದೆ, ಕುರ್ಚಿ ಮೇಲೆ ಕನ್ನಡಕದ ಮನುಷ್ಯ. ಅವ್ವನ ಬಿ.ಪಿ. ನೋಡೋ ಮಷೀನು ಬೇರೆ ಮೇಜಿನ ಮೇಲೆ. ಧೋತರದ ಮುತ್ಯಾ ಒಬ್ಬರು ಬಂದು, ಮಾತಿಲ್ಲದೆ ಅಂಗಿ ತೋಳು ಮಡಚಿ ಕೈ ಚಾಚಿದರು. ತಮ್ಮನಿಗೆ ಹಿರಿಯರಿಗೆ ಇಲ್ಲ ಅನ್ನೋಕೆ ಬರೋದಿಲ್ಲ. ಪಟ್ಟಿ ಸುತ್ತಿ, ಗುಂಡಿ ಒತ್ತಿ, ನಂಬರು ಓದಿ ಹೇಳಿದ. ನಾನು ಹಣ್ಣು ಹಿಡಿದು ತಿರುಗೋದರಲ್ಲಿ ಸಾಲು ಬೆಳೆದಿತ್ತು. ಒಬ್ಬಾಕೆ ಮೊಣಕಾಲಿನ ಎಕ್ಸ್‌ರೇ ತರೋಕೆ ಮನೆಗೆ ಓಡಿದ್ದಳು.

"ನಾ ಡಾಕ್ಟರ್ ಅಲ್ರೀ, ಸಾಫ್ಟ್‌ವೇರ್" ಅಂದ ತಮ್ಮ.

"ಯಾವ್ದರೇ ಆಗಲ್ರಿ, ಗುಳಿಗಿ ಬರ್ದು ಕೊಡ್ರಿ" ಅಂದರು ಮುತ್ಯಾ.

ಉಪ್ಪು ಕಮ್ಮಿ ಮಾಡ್ರಿ, ಸರಕಾರಿ ದವಾಖಾನೆಗೆ ತೋರಸ್ರಿ ಅಂತ ಎಲ್ಲರಿಗೂ ಒಂದೇ ಸಲಹೆ ಕೊಟ್ಟು ಹೊರಟೆವು. ಚೌಕಾಸಿಗೆ ಬಗ್ಗದ ಹಣ್ಣಿನವನು ಹಿಂದೆ ಓಡಿ ಬಂದು ಕಿಟಕಿಯಲ್ಲಿ ಇನ್ನೊಂದು ಚಿಪ್ಪು ತೂರಿಸಿದ. ಸಾಹೇಬ್ರಿಗಂತ.

ಹುಮನಾಬಾದ್ ದಾಟಿ ಒಳದಾರಿ ಹಿಡಿದರೆ ಸೋದರಮಾವನ ಊರು. ನಮ್ಮ ಕಡೆ ಎಳ್ಳ ಅಮಾಸಿ ದಿನ ಯಾರೂ ಮನೆಯಲ್ಲಿರೋದಿಲ್ಲ. ಸಜ್ಜೆ ರೊಟ್ಟಿ, ಹತ್ತಾರು ಕಾಳು-ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ, ಕಡುಬು ಹೊತ್ತುಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಎಡೆಯನ್ನು ಹೊಲದ ತುಂಬ ಎರಚಿ ಚರಗ ಚೆಲ್ಲಿ, ಜೋಳ-ಕಡಲೆ ನಡುವೆ ಕೂತು ಉಣ್ಣಬೇಕು. ಗಾಡಿಯೂ ಹೊಲಕ್ಕೇ ಬರಲಿ ಅಂತ ಮಾವನ ಆಸೆ. ಪಕ್ಕದ ಹೊಲದವರ ಮುಂದೆ ಒಂದಿಷ್ಟು ಮೆರೆಯಬಹುದಲ್ಲ. ಬಂದೋರೆಲ್ಲ ಚಪ್ಪಲಿ ಬಿಟ್ಟು ಒಳಗೆ ಹತ್ತಿ, ಫ್ರಿಜ್ಜು ತೆಗೆದು, ಹಾಸಿಗೆ ಒತ್ತಿ, ಇನ್ನೊಂದು ಬಾಗಿಲಿಂದ ಇಳಿದರು. ಅವರಲ್ಲಿ ಯಾವನೋ ಹುಡುಗ ಕೆಳಗೆ ಬಗ್ಗಿ, ಟಾಕಿಯ ಅಡಿಯ ವಾಲ್ವು ಕಂಡು, ಇದ್ಯಾತರದ್ದು ಅಂತ ತಿರುವಿದ. ನಾವು ಭಜ್ಜಿ ಉಣ್ಣೋದರಲ್ಲಿ ಮುಳುಗಿದ್ದೆವು. ನೂರಾರು ಲೀಟರ್ ನೀರು ಸದ್ದಿಲ್ಲದೆ ಹಿಂದಿನ ಗಾಲಿಗಳ ಬುಡಕ್ಕೆ ಹೋಯ್ತು.

ಎರೆ ಮಣ್ಣಿನ ಗುಣ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಒಣಗಿದರೆ ಕಾಲು ಸಿಕ್ಕೋ ಹಾಗೆ ಬಿರಿಯುತ್ತೆ, ನೀರು ಕುಡಿದರೆ ಉಬ್ಬಿ ಅಂಟು ಅಂಟಾಗಿ ಹಿಡಿದದ್ದನ್ನು ಬಿಡೋದಿಲ್ಲ. ಮಳೆಗಾಲದಲ್ಲಿ ಈ ಮಣ್ಣಿಗೆ ಬಂಡಿ ಇಳಿಸೋಕೆ ಹುಟ್ಟಾ ರೈತರೇ ಹಿಂದೆ ಮುಂದೆ ನೋಡ್ತಾರೆ. ಡಿಸೆಂಬರಿನ ಬಿಸಿಲಲ್ಲಿ, ಮೋಡವೇ ಇಲ್ಲದ ಆಕಾಶದ ಕೆಳಗೆ, ಸ್ವಂತ ಮಳೆ ತಂದುಕೊಂಡು ಹುಗಿದುಬಿದ್ದ ಗಾಡಿ ಆ ಸೀಮೆಯಲ್ಲಿ ನಮ್ಮದೇ ಮೊದಲನೆಯದಿರಬೇಕು. ಡ್ರೈವರ್ ಎಕ್ಸಲರೇಟರ್ ಒತ್ತಿದಷ್ಟೂ ಗಾಲಿ ಇಳಿಯಿತು, ಹಿಂದೆ ನಿಂತು ನೂಕುತ್ತಿದ್ದ ನಮ್ಮ ಮುಖಕ್ಕೆ ಮಣ್ಣು ಹಾರಿತು. ಟ್ರ್ಯಾಕ್ಟರ್ ಇತ್ತು. ಅದನ್ನು ಓಡಿಸೋನು ಬೇವಿನ ಮರದ ಕೆಳಗೆ ಹೊಟ್ಟೆ ತುಂಬ ಅಂಬಲಿ ಕುಡಿದು ಮಲಗಿದ್ದ. ಎಬ್ಬಿಸಬಾರದು ಅಂದ ಮಾವ, ಹಬ್ಬದ ನಿದ್ದೆಯಂತೆ. ನಾಲ್ಕು ಗಂಟೆಗೆ ತಾನಾಗಿ ಎದ್ದು, ಬಾಯಿ ಮುಕ್ಕಳಿಸಿ, ಹಗ್ಗ ಕಟ್ಟಿ, ಎರಡು ನಿಮಿಷದಲ್ಲಿ ಎಳೆದು ಹಾಕಿದ.

ರಾತ್ರಿ ಮಾವನ ಮನೆ ಮುಂದೆ ಗಾಡಿ ನಿಲ್ಲಿಸಿ, "ನಾವು ಇದರಾಗೇ ಮಲಗ್ತೀವಿ ಮಾಮಾ" ಅಂತ ತಮ್ಮ ಬಾಯಿ ತೆಗೆದ. ಮಾವನ ಮುಖ ಕಪ್ಪಿಟ್ಟಿತು.

"ಮನಿ ಮುಂದ ಬಂದು ಗಾಡ್ಯಾಗ ಮಲಗ್ತೀರಿ? ಮಂದಿ ಏನಂದಾರು? ಅಕ್ಕನ ಮಕ್ಕಳನ್ನ ಒಳಗ ಕರೀಲಿಲ್ಲ ಅಂತಾರ."

ಹಾಗಾಗಿ ನಾವೆಲ್ಲ ಪಡಸಾಲೆಯಲ್ಲಿ ಚಾಪೆ, ಕೌದಿ ಹಾಸಿಕೊಂಡು ಸಾಲಾಗಿ ಮಲಗಿದೆವು. ಗಾಡಿಗೆ ಕಾವಲು ಬೇಕಲ್ಲ ಅಂತ ಮಾವನೇ ಹೋಗಿ ಅದರೊಳಗಿನ ಮೆತ್ತನೆ ಹಾಸಿಗೆ ಮೇಲೆ ಮಲಗಿದ. ಬೆಳಿಗ್ಗೆ ಗೊರಕೆ ಬೀದಿಗೆ ಕೇಳುತ್ತಿತ್ತು. ಅದಕ್ಕೂ ಮೊದಲು ಗಾಡಿಯ ಬ್ಯಾಟರಿ ಚಾರ್ಜು, ಗೀಸರು ಎಲ್ಲಾ ನಡೀಲಿ ಅಂತ ತಮ್ಮ ಮನೆಯ ಸಾಕೆಟ್ಟಿನಿಂದ ವೈರು ಎಳೆದಿದ್ದ. ಅತ್ತಿಯ ಸೀರಿಯಲ್ಲು ಸೊಸೆ ಸತ್ಯ ಹೇಳೋ ಘಟ್ಟಕ್ಕೆ ಬಂದಿತ್ತು. ಫ್ಯೂಜು ಹೋಯ್ತು. ಸೊಸೆ ಏನು ಹೇಳಿದಳೋ ಅತ್ತಿಗೆ ಇವತ್ತಿಗೂ ಗೊತ್ತಿಲ್ಲ, ಮತ್ತು ಅದನ್ನು ಆಕೆ ಯಾರಿಗೂ ಮರೆಯಗೊಡೋದಿಲ್ಲ.

ಬೀದರಿನ ಹೊರವಲಯದಲ್ಲಿ ಚಿಗವ್ವನ ಮನೆ. ಊರು ನೋಡಿದ್ದನ್ನು ಬೇಗ ಹೇಳಿ ಮುಗಿಸ್ತೀನಿ, ಯಾಕಂದ್ರೆ ಎಲ್ಲಾ ಆಟೋದಲ್ಲೇ ನೋಡಿದ್ದು. ಹಳೆ ಊರಿನ ಓಣಿಗಳಿಗೆ ಗಾಡಿ ಹಾಕೋಕೆ ಡ್ರೈವರ್ ಒಪ್ಪಲಿಲ್ಲ. 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ ಕಂಡೆವು, ಬಣ್ಣದ ಹೆಂಚುಗಳು ಉಳಿದಷ್ಟೇ ಭಾಗಕ್ಕೆ ಕತ್ತು ನೋವು ಬಂತು. ನರಸಿಂಹ ಝರಣಿಯ ಸುರಂಗದಲ್ಲಿ ಎದೆಮಟ್ಟದ ನೀರಲ್ಲಿ ಹೋಗಿ ದರ್ಶನ ಮಾಡಿ ಬಂದೆವು. ನೌಬಾದಿನ ಕರೇಜ್ ಹತ್ತಿರ ಮಾತ್ರ ತಮ್ಮ ಸುಮಾರು ಹೊತ್ತು ಸುಮ್ಮನೆ ನಿಂತ. ಬಹಮನಿ ಕಾಲದವರು ನೆಲದಡಿ ಕಾಲುವೆ ತೋಡಿ, ಅಲ್ಲಲ್ಲಿ ಗಾಳಿಗೆ ಬಾವಿಯಂಥ ಕಂಡಿ ಬಿಟ್ಟು, ಬರೀ ಇಳಿಜಾರನ್ನು ನಂಬಿ ನೀರು ಹರಿಸಿದ್ದರು. ನಮ್ಮ ಗಾಡಿಯಲ್ಲಿ ಪಂಪಿತ್ತು, ಮೀಟರಿತ್ತು, ಮೊಬೈಲಿನಲ್ಲಿ ಆಪಿತ್ತು. ಹೊಲದಿಂದ ಈಚೆಗೆ ಒಂದು ಹನಿ ನೀರು ಬಂದಿರಲಿಲ್ಲ.

ಬಾಡಿಗೆ ಇನ್ನೂ ಒಂದು ದಿನ ಉಳಿದಿದೆ ಅಂತ ಚಿಗವ್ವನಿಗೆ ಹೇಳಿದ್ದು ಯಾರೋ ತಿಳಿಯದು. ಮರುದಿನ ಬೆಳಕು ಹರಿಯೋದರಲ್ಲಿ ಓಣಿಯ ಹೆಣ್ಣುಮಕ್ಕಳು ತಾಳ ಹಿಡಿದು ಗಾಡಿ ಹತ್ತಿದ್ದರು. ಬಸವಕಲ್ಯಾಣಕ್ಕೆ ಹೋಗಿ ಅನುಭವ ಮಂಟಪ, 108 ಅಡಿಯ ಬಸವಣ್ಣ ನೋಡಿ ಬರೋದಂತೆ. ಅವ್ವ ಮುಂದಿನ ಸೀಟಿನಲ್ಲಿ. ನೀವು ಬರ್ರಿ ಅಂತ ಯಾರೂ ಕರೆಯಲಿಲ್ಲ, ಜಾಗವೂ ಇರಲಿಲ್ಲ. "ಮನಿ ಕಡಿ ಲಕ್ಷ್ಯ ಇರ್ಲಿ, ಎಮ್ಮಿಗಿ ಮೇವು ಹಾಕ್ರಿ" ಅಂತ ಕೀಲಿಕೈ ಕೊಟ್ಟು ಹೋದಳು ಚಿಗವ್ವ.

ಹತ್ತು ಗಂಟೆಗೆ ಮೊದಲ ಫೋನು. "ತಮ್ಮಾ, ಇದರ ಒಲಿ ಹ್ಯಾಂಗ ಹಚ್ಚೋದು? ಮಿರ್ಚಿ ಭಜಿ ಕರೀಬೇಕಾಗ್ಯದ." ಹಿನ್ನೆಲೆಯಲ್ಲಿ ಅವ್ವನೇ ಹಸಿಮೆಣಸಿನಕಾಯಿ ಸೀಳ್ರಿ ಅಂತ ಹುಕುಂ ಮಾಡ್ತಿದ್ದಳು. ಸಂಜೆಗೆ ಎರಡನೇ ಫೋನು, ಬರೋದು ತಡ ಆಗ್ತದ, ಎಮ್ಮಿ ಹಿಂಡಿದ್ರೇನು?

ಎಮ್ಮೆ ಹತ್ತಿರ ಬಿಡುತ್ತಿರಲಿಲ್ಲ. ತಮ್ಮ ವಿಡಿಯೋ ನೋಡಿ ಕಲಿತು ಹೋಗಿ ಒಂದು ಒದೆ ತಿಂದು ಬಂದಿದ್ದ. "ನನ್ನ ಸೀರಿ ಹೊದ್ಕೊಂಡು ಕೂಡಪ್ಪಾ, ಅದಕ್ಕ ನನ್ನ ವಾಸನಿ ಬೇಕು" ಅಂದಳು ಚಿಗವ್ವ. ಜೀನ್ಸ್ ಪ್ಯಾಂಟಿನ ಮೇಲೆ ಹಸಿರು ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೈಯಲ್ಲಿ ಚರಿಗಿ ಹಿಡಿದು ತಮ್ಮ ಕುಕ್ಕರಗಾಲಲ್ಲಿ ಕೂತ. ಎಮ್ಮೆ ತಿರುಗಿ ನೋಡಿ, ಮೂಸಿ, ಯೋಚಿಸಿ ಅರ್ಧ ಚರಿಗಿ ಕೊಟ್ಟಿತು. ನನ್ನ ಹೆಂಡತಿ ತೆಗೆದ ಫೋಟೋ ಅವನು ಸೀರೆ ಬಿಚ್ಚೋ ಮೊದಲೇ ಮನೆತನದ ವಾಟ್ಸಾಪ್ ಗುಂಪಿಗೆ ಹೋಗಿತ್ತು. ಮೊದಲ ಉತ್ತರ ಮಾವಂದು: ಇಂಥವ ನಮ್ಮ ಮನ್ಯಾಗೂ ಒಬ್ಬ ಬೇಕಾಗಿದ್ದ, ಬರೋ ವರ್ಷ ಹೊಲಕ್ಕ ಬರುವಾಗ ಸೀರಿ ತರ್ರಿ, ಗಾಡಿ ಬ್ಯಾಡ.