ಮೆದುಳಿನ ಸ್ಕ್ಯಾನ್ ನೋಡಿ ಮನುಷ್ಯನ ನಡವಳಿಕೆ ತಿಳಿಯಬಹುದೇ?

ಪರ: ಬಾಯಿ ಬಾರದವರೂ ಅಲ್ಲಿ ಉತ್ತರ ಕೊಟ್ಟಿದ್ದಾರೆ

2005ರಲ್ಲಿ ಇಂಗ್ಲೆಂಡಿನ 23 ವರ್ಷದ ಯುವತಿಯೊಬ್ಬಳಿಗೆ ರಸ್ತೆ ಅಪಘಾತವಾಯಿತು. ಜೀವ ಉಳಿಯಿತು. ಕಣ್ಣು ಬಿಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಆದರೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಐದು ತಿಂಗಳಾದ ಮೇಲೆ ಕೇಂಬ್ರಿಡ್ಜ್‌ನ ಏಡ್ರಿಯನ್ ಓವೆನ್ ಅವರ ತಂಡ ಆಕೆಯನ್ನು ಎಫ್‌ಎಂಆರ್‌ಐ (ಮೆದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಸ್ಕ್ಯಾನ್) ಯಂತ್ರದಲ್ಲಿ ಮಲಗಿಸಿ ಎರಡು ಕೆಲಸ ಹೇಳಿತು. ಮೊದಲು, ಟೆನಿಸ್ ಆಡುತ್ತಿರುವ ಹಾಗೆ ಮನಸ್ಸಿನಲ್ಲೇ ಊಹಿಸಿಕೊ. ಆಮೇಲೆ, ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವ ಹಾಗೆ ಊಹಿಸಿಕೊ. ಟೆನಿಸ್ ಅಂದಾಗ ಕೈಕಾಲು ಆಡಿಸಲು ಸಿದ್ಧತೆ ಮಾಡುವ ಭಾಗ ಚುರುಕಾಯಿತು. ಮನೆ ಅಂದಾಗ ಜಾಗ, ದಾರಿ ಗುರುತಿಸುವ ಭಾಗ. ಆರೋಗ್ಯವಾಗಿರುವವರ ಮೆದುಳೂ ಹೀಗೇ ಮಾಡುತ್ತದೆ. ಏನೂ ತಿಳಿಯುವುದಿಲ್ಲ ಎಂದುಕೊಂಡಿದ್ದ ಹುಡುಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು!

2010ರಲ್ಲಿ ಇನ್ನೂ ಒಂದು ಹೆಜ್ಜೆ. ಇಂಥದ್ದೇ ಸ್ಥಿತಿಯಲ್ಲಿದ್ದ ಒಬ್ಬ ರೋಗಿಗೆ 'ಹೌದು' ಅನ್ನಲು ಒಂದು ಕಲ್ಪನೆ, 'ಇಲ್ಲ' ಅನ್ನಲು ಇನ್ನೊಂದು ಎಂದು ಹೇಳಿಕೊಟ್ಟರು. ತಂದೆಯ ಹೆಸರಿನಂಥ ಆರು ಪ್ರಶ್ನೆ ಕೇಳಿದರು. ಐದಕ್ಕೆ ಸರಿಯಾದ ಉತ್ತರ ಬಂತು. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಜನರ ಪೈಕಿ 60 ಜನರ ಮೆದುಳು ಸ್ಕ್ಯಾನ್‌ನಲ್ಲೋ ಇಇಜಿಯಲ್ಲೋ (ತಲೆಗೆ ತಂತಿ ಅಂಟಿಸಿ ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಪರೀಕ್ಷೆ) ಸೂಚನೆ ಪಾಲಿಸಿತು. ನಾಲ್ವರಲ್ಲಿ ಒಬ್ಬರು. ಹಾಸಿಗೆ ಪಕ್ಕ ನಿಂತು 'ಇವರಿಗೇನು ಕೇಳಿಸುತ್ತೆ ಬಿಡಿ' ಎಂದು ಮಾತಾಡುವ ಮೊದಲು ಈ ಲೆಕ್ಕ ನೆನಪಿರಲಿ. ನಡವಳಿಕೆಯೊಂದನ್ನೇ ನೋಡಿ ತೀರ್ಮಾನಿಸಿದ್ದರೆ ಆ 60 ಜನ ನಮ್ಮ ಪಾಲಿಗೆ ಇರುತ್ತಲೇ ಇರಲಿಲ್ಲ.

ಕಲಿಕೆಯ ಮಾತಿಗೆ ಬಂದರೆ ಲಂಡನ್ನಿನ ಟ್ಯಾಕ್ಸಿ ಚಾಲಕರಿದ್ದಾರೆ. ಲೈಸೆನ್ಸ್ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು, ಅದಕ್ಕೆ ಮೂರು ನಾಲ್ಕು ವರ್ಷ ಬೇಕು. ಎಲಿನಾರ್ ಮ್ಯಾಗ್ವೈರ್ ಮತ್ತು ಸಂಗಡಿಗರು ತರಬೇತಿಗೆ ಸೇರಿದ 79 ಜನರನ್ನು ಮೊದಲೊಮ್ಮೆ, ವರ್ಷಗಳ ನಂತರ ಇನ್ನೊಮ್ಮೆ ಸ್ಕ್ಯಾನ್ ಮಾಡಿದರು. ಪಾಸಾದ 39 ಜನರಲ್ಲಿ ನೆನಪು, ದಾರಿ ನೋಡಿಕೊಳ್ಳುವ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ಹಿಂಬದಿ ಬೆಳೆದಿತ್ತು. ಫೇಲಾದವರಲ್ಲಿ ಬೆಳೆದಿರಲಿಲ್ಲ. ದೊಡ್ಡವರಾದ ಮೇಲೂ ಕಲಿಕೆಯಿಂದ ಮೆದುಳು ಬದಲಾಗುತ್ತದೆ ಎಂದು ಬದುಕಿರುವ ಮನುಷ್ಯರಲ್ಲೇ ತೋರಿಸಲು ಬೇರೆ ದಾರಿ ಎಲ್ಲಿತ್ತು?

ನಮ್ಮಲ್ಲೂ ಇಂಥ ಕೆಲಸ ನಡೆಯುತ್ತಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ಹಾಕಿಕೊಂಡಿದೆ. ನೆನಪಿನ ಪರೀಕ್ಷೆ, ರಕ್ತಪರೀಕ್ಷೆ, ಜೊತೆಗೆ ಮೆದುಳಿನ ಎಂಆರ್‌ಐ. ಮರೆಗುಳಿತನ ಹಳ್ಳಿಯ ರೈತರಲ್ಲಿ ಹೇಗೆ ಶುರುವಾಗುತ್ತದೆ ಎಂದು ಲಂಡನ್ನಿನ ಸ್ಕ್ಯಾನ್ ನೋಡಿ ಹೇಳಲಾಗುವುದಿಲ್ಲ, ಅಲ್ವಾ? ಈ ಕೆಲಸಕ್ಕೆ ದುಡ್ಡು ಇನ್ನೂ ಜಾಸ್ತಿ ಬರಬೇಕು.

ವಿರೋಧ: ಬಣ್ಣದ ಚಿತ್ರಕ್ಕೆ ಅಷ್ಟು ಬೆಲೆ ಕೊಡಬೇಡಿ

2008ರಲ್ಲಿ ಪುಣೆಯ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಸಾಕ್ಷ್ಯಗಳಲ್ಲಿ ಬ್ರೇನ್ ಮ್ಯಾಪಿಂಗ್ ವರದಿಯೂ ಇತ್ತು. ತಲೆಗೆ ಇಇಜಿ ತಂತಿ ಅಂಟಿಸಿ, ಘಟನೆಯ ಒಂದೊಂದೇ ವಾಕ್ಯ ಕೇಳಿಸಿದರು. ಆಕೆ ತುಟಿ ಬಿಚ್ಚದೆ ಕೂತಿದ್ದಳು. ಮೆದುಳಿಗೆ ಆ ಕೃತ್ಯದ ನೆನಪಿದೆ ಎಂದು ವರದಿ ಬಂತು. ಅದೇ ವರ್ಷ ನಮ್ಮ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ಸಮಿತಿ ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದಿತು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಇದನ್ನು ಮಾಡಕೂಡದು ಎಂದು ತೀರ್ಪು ಕೊಟ್ಟಿತು.

ಅದು ಇಇಜಿ, ಸ್ಕ್ಯಾನ್ ಬೇರೆ ಎನ್ನುತ್ತೀರಿ. ಯಂತ್ರ ಬೇರೆ ನಿಜ, ಆದರೆ ಮೆದುಳಿನ ಗುರುತು ನೋಡಿ ಮನಸ್ಸಿನಲ್ಲಿರುವುದನ್ನು ಹೇಳಿಬಿಡುವ ಅವಸರ ಎರಡಕ್ಕೂ ಒಂದೇ. ಎಫ್‌ಎಂಆರ್‌ಐ ನರಕೋಶಗಳ ಕೆಲಸವನ್ನು ನೇರವಾಗಿ ನೋಡುವುದೇ ಇಲ್ಲ. ಕೆಲಸ ನಡೆದ ಕಡೆಗೆ ಆಮ್ಲಜನಕ ಹೊತ್ತ ರಕ್ತ ಹರಿಯುತ್ತದೆ, ಅದು ಏರಿ ತುದಿ ಮುಟ್ಟಲು ಐದಾರು ಸೆಕೆಂಡು. ಯಂತ್ರ ಹಿಡಿಯುವುದು ಅದನ್ನು. ಚಿತ್ರದ ಒಂದು ಚುಕ್ಕೆಯೊಳಗೆ ಲಕ್ಷಾಂತರ ನರಕೋಶ. ಕೆಂಪು, ಹಳದಿ ಬಣ್ಣ ಮೆದುಳಿನದ್ದಲ್ಲ, ಲೆಕ್ಕ ಹಾಕಿ ಕಂಪ್ಯೂಟರ್ ಹಚ್ಚಿದ್ದು.

ಆ ಲೆಕ್ಕದಲ್ಲೇ ಎಷ್ಟು ಎಡವಟ್ಟಾಗಬಹುದು ಎಂದು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಜೊತೆಗಾರರು ತೋರಿಸಿದರು. ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿಟ್ಟು, ಮನುಷ್ಯರ ಫೋಟೊ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಎಂದು ಕೇಳಿದರು. ಸಾವಿರಾರು ಚುಕ್ಕೆಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಕೆಲವು ಆಕಸ್ಮಿಕವಾಗಿಯೇ ಚುರುಕಾದಂತೆ ಕಾಣುತ್ತವೆ. ಅದಕ್ಕೆ ಲೆಕ್ಕದಲ್ಲಿ ಮಾಡಲೇಬೇಕಾದ ತಿದ್ದುಪಡಿ ಮಾಡದೆ ಹೋದರೆ, ಸತ್ತ ಮೀನಿನ ಮೆದುಳೂ 'ಚುರುಕಾಯಿತು'. ಇನ್ನು 2020ರ ಒಂದು ಪ್ರಯೋಗದಲ್ಲಿ ಒಂದೇ ಸ್ಕ್ಯಾನ್ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟರು. ಯಾವ ಎರಡು ತಂಡವೂ ಒಂದೇ ವಿಧಾನ ಅನುಸರಿಸಲಿಲ್ಲ, ಹಲವು ಪ್ರಶ್ನೆಗಳಿಗೆ ಉತ್ತರವೂ ಬೇರೆ ಬೇರೆ.

ನನಗೆ ಜಾಸ್ತಿ ಸಿಟ್ಟು ಬರುವುದು ಸುದ್ದಿಯ ತಲೆಬರಹಗಳಿಗೆ. 2011ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಲೇಖನವೊಂದು, ಐಫೋನ್ ಸದ್ದು ಕೇಳಿದಾಗ ಮೆದುಳಿನ ಇನ್ಸುಲಾ ಎಂಬ ಭಾಗ ಚುರುಕಾಗುತ್ತದೆ, ಹಾಗಾಗಿ ಜನ ಫೋನನ್ನು ಪ್ರೀತಿಸುತ್ತಾರೆ ಎಂದಿತು. ಇನ್ಸುಲಾ ನೋವಿಗೂ ಚುರುಕಾಗುತ್ತದೆ, ಅಸಹ್ಯಕ್ಕೂ ಚುರುಕಾಗುತ್ತದೆ! ನಲವತ್ತಕ್ಕೂ ಹೆಚ್ಚು ಮೆದುಳು ವಿಜ್ಞಾನಿಗಳು ಸಹಿ ಹಾಕಿ ಪ್ರತಿಭಟಿಸಿದರು.

2022ರಲ್ಲಿ ಸ್ಕಾಟ್ ಮಾರೆಕ್ ತಂಡ ಸುಮಾರು 50,000 ಜನರ ಸ್ಕ್ಯಾನ್ ಜಾಲಾಡಿತು. ಜನರ ಬುದ್ಧಿಮಟ್ಟದಂಥ ಗುಣಗಳಿಗೂ ಮೆದುಳಿನ ರಚನೆಗೂ ಇರುವ ನಂಟು ಬಹಳ ತೆಳು, ಅದನ್ನು ನಂಬುವ ಹಾಗೆ ಹಿಡಿಯಲು ಸಾವಿರಾರು ಜನ ಬೇಕು ಎಂದು ಕಂಡಿತು. ಇಪ್ಪತ್ತೈದು ಜನರನ್ನು ಸ್ಕ್ಯಾನ್ ಮಾಡಿ 'ಬುದ್ಧಿಯ ಗುಟ್ಟು ಸಿಕ್ಕಿತು' ಎಂದರೆ ಸುಮ್ನೆ ನಂಬಬೇಕಾ? ಟ್ಯಾಕ್ಸಿ ಚಾಲಕರ ಅಧ್ಯಯನ ನನಗೂ ಇಷ್ಟ. ಅಲ್ಲಿ ಅದೇ ಮನುಷ್ಯನನ್ನು ಎರಡು ಸಲ ನೋಡಿದ್ದಾರೆ. ಅಂಥ ತಾಳ್ಮೆ ಎಲ್ಲ ಕಡೆ ಇಲ್ಲ.

ಟೆನಿಸ್ ಪ್ರಯೋಗವನ್ನೂ ಪೂರ್ತಿ ಹೇಳಬೇಕು. 2010ರ ಆ ಅಧ್ಯಯನದಲ್ಲಿದ್ದವರು 54 ರೋಗಿಗಳು. ಊಹಿಸಿಕೊ ಎಂದಾಗ ಮೆದುಳು ಸ್ಪಂದಿಸಿದ್ದು ಐವರದು ಮಾತ್ರ. ಉಳಿದವರಲ್ಲಿ 30 ಜನರಿಗೆ ಅಷ್ಟಿಷ್ಟು ಪ್ರಜ್ಞೆ ಇದೆ ಎಂದು ವೈದ್ಯರಿಗೆ ಹಾಸಿಗೆ ಪಕ್ಕದ ಪರೀಕ್ಷೆಯಲ್ಲೇ ಗೊತ್ತಾಗಿತ್ತು, ಸ್ಕ್ಯಾನ್‌ಗೆ ಮಾತ್ರ ಗೊತ್ತಾಗಲಿಲ್ಲ. ರೋಗಿ ಆ ಹೊತ್ತಿಗೆ ನಿದ್ದೆ ಹೋಗಿರಬಹುದು, ಹೇಳಿದ್ದು ಅರ್ಥವಾಗದೆ ಇರಬಹುದು. ಅಂಥ ಖಾಲಿ ಚಿತ್ರವನ್ನು ಮುಂದಿಟ್ಟು ಯಾರಾದರೂ ರೋಗಿಯ ಚಿಕಿತ್ಸೆ ನಿಲ್ಲಿಸೋಣ ಎಂದರೆ ನಾನು ಒಪ್ಪುವುದಿಲ್ಲ.