ಹಾಳೆ ಬೀಳುವ ಊರಿಗೆ ಪೇಪರ್ ಎಲೆ

ಜೂನ್ 5, ಪರಿಸರ ದಿನ. ತೀರ್ಥಹಳ್ಳಿ ಕಡೆಯ ನಮ್ಮೂರಿಗೆ ಮರುಬಳಕೆ ಕಲಿಸಲೆಂದು ಶಿವಮೊಗ್ಗದಿಂದ ಎರಡು ಕಾರು ತುಂಬ ಜನ ಬಂದಿದ್ದರು. ಸಮುದಾಯ ಭವನದ ಮುಂದೆ ಉದ್ದಾನುದ್ದ ಫ್ಲೆಕ್ಸು: ‘ಪ್ಲಾಸ್ಟಿಕ್ ತ್ಯಜಿಸಿ’. 2016ರಲ್ಲಿ ರಾಜ್ಯ ಸರ್ಕಾರ ನಿಷೇಧಿಸಿದ ಪಟ್ಟಿಯಲ್ಲಿ ಫ್ಲೆಕ್ಸೂ ಇದೆಯಲ್ಲ ಎಂದು ಮೆಲ್ಲಗೆ ಕೇಳಿದೆ. “ಇದು ಜಾಗೃತಿ ಫ್ಲೆಕ್ಸು ಮಾರಾಯ್ರೆ, ಅದು ಬೇರೆ” ಅಂದರು.

ಗರಟೆಯಿಂದ ಏನೇನು ಮಾಡಬಹುದು ಎಂದು ಒಬ್ಬರು ಮುಕ್ಕಾಲು ಗಂಟೆ ಹೇಳಿದರು. ಎದುರಿಗೆ ಕೂತವರು ಯಾರು? ಗರಟೆಗೆ ಬಿದಿರ ಹಿಡಿ ಸಿಕ್ಕಿಸಿದ ಸೌಟಿನಲ್ಲೇ ಸಾರು ಬಡಿಸಿದವರು, ಬಚ್ಚಲ ನೀರು ಕೆಸುವಿನ ಬುಡಕ್ಕೆ ತಿರುಗಿಸಿದವರು, ಕೊಟ್ಟಿಗೆಗೆ ಹಾಸಿದ ಸೊಪ್ಪನ್ನೇ ಗೊಬ್ಬರ ಮಾಡಿ ತೋಟಕ್ಕೆ ಹೊತ್ತವರು. ಪಾಪ, ಎಲ್ಲರೂ ಚಪ್ಪಾಳೆ ತಟ್ಟಿದರು. ಊಟ ಇತ್ತಲ್ಲ!

ಆ ಊಟಕ್ಕೆ ಹಾಕಿದ್ದು ಪೇಪರ್ ಬಾಳೆಎಲೆ. ಹಸಿರು ಬಣ್ಣ, ನಡುವಿನ ದಂಟು, ನರ ನರವೂ ಅಚ್ಚಾಗಿದೆ. ಮೇಲೆ ಪ್ಲಾಸ್ಟಿಕ್ಕಿನ ತೆಳು ಪದರ. ಭವನದ ಹಿಂದೆಯೇ ಬಾಳೆ ಹಿಂಡಲು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದರಾಚೆ ತೋಟದಲ್ಲಿ ಅಡಿಕೆ ಹಾಳೆ ಬಿದ್ದಿತ್ತು. ಅದನ್ನೇ ತೊಳೆದು ಬಿಸಿ ಅಚ್ಚಿನಲ್ಲಿ ಒತ್ತಿದ ತಟ್ಟೆ ಬೆಂಗಳೂರಿನ ಮದುವೆಗೆ ಹೋಗುತ್ತದೆ, ಹಡಗು ಹತ್ತಿ ವಿದೇಶಕ್ಕೂ ಹೋಗುತ್ತದೆ. ನಮಗೆ ಅಲ್ಲಿಂದ ಪೇಪರ್ ಎಲೆ ಬರುತ್ತದೆ. ಊಟದ ಮೇಜಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನೂ ಅದೇ 2016ರಲ್ಲಿ ನಿಷೇಧಿಸಿದ್ದರು. ನಮ್ಮವರು ಬಿಟ್ಟದ್ದು ಅಡಿಕೆ ಹಾಳೆಯನ್ನು.

ದೊಡ್ಡಮ್ಮ ಎಲೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು. “ಇದ್ರ ಕುಡಿ ಯಾವ ಕಡೇನೋ ಮಾರಾಯ?” ಎರಡೂ ತುದಿ ಕತ್ತರಿಸಿದ್ದು. ಕೊನೆಗೆ ಕಂಪನಿಯ ಹೆಸರಿದ್ದ ತುದಿಯನ್ನು ಎಡಕ್ಕೆ ಮಾಡಿಕೊಂಡು ಉಂಡೆದ್ದರು. ಅಭ್ಯಾಸಬಲ, ಉಂಡ ಎಲೆಯನ್ನು ಮಡಚಿ ಮನೆಗೆ ತಂದು ಹಸುವಿನ ಮುಂದಿಟ್ಟರು. ಅದು ಅಂಟಿದ್ದ ಪಾಯಸವನ್ನಷ್ಟೇ ನೆಕ್ಕಿ ಮುಖ ತಿರುಗಿಸಿತು. ಸಭೆಯಲ್ಲಿ ಅದು ಕೂತಿರಲಿಲ್ಲ, ನೋಡಿ.

ಸಂಜೆ ಕಾರುಗಳು ಹೋದವು, ಫ್ಲೆಕ್ಸು ಉಳಿಯಿತು. ಕತ್ತಲಾಗುವ ಮೊದಲೇ ದೊಡ್ಡಪ್ಪ ಅದನ್ನು ಬಿಚ್ಚಿ ತಂದು ಸೋರುತ್ತಿದ್ದ ಕೊಟ್ಟಿಗೆಯ ಮಾಡಿಗೆ ಹೊದೆಸಿದರು, ಅಕ್ಷರ ಒಳಮುಖವಾಗಿ. ಹಸು ಈಗ ಮೆಲುಕು ಹಾಕುತ್ತ ‘ಪ್ಲಾಸ್ಟಿಕ್ ತ್ಯಜಿಸಿ’ ಓದುತ್ತಿದೆ. ಮುಂದಿನ ಜಾಗೃತಿ ಯಾವಾಗ ಎಂದು ವಿಚಾರಿಸಿಕೊಂಡು ಬಾ ಅಂದಿದ್ದಾರೆ ದೊಡ್ಡಪ್ಪ. ಸೌದೆ ಕೊಟ್ಟಿಗೆಯೂ ಸೋರುತ್ತಿದೆಯಂತೆ.