ಸಾಗುವಾನಿಯೇ ಯಾಕೆ ಬೇಕು?

ಗೋವಾದ ಮಳೆಗೆ ಹಾಯಿದೋಣಿಯ ಕೂವೆಮರ (ಹಾಯಿ ಕಟ್ಟುವ ಕಂಬ) ಗಟ್ಟಿ ಸಾಗುವಾನಿಯದ್ದೇ ಆಗಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪುವುದಕ್ಕೆ ಆಗುವುದಿಲ್ಲ ಸರ್. ಡೆಕ್‌ಗೆ ಸಾಗುವಾನಿ ಬಂಗಾರದಂಥದ್ದು, ನಿಜ. ಆದರೆ ಕೂವೆಮರದ ತುದಿಯಲ್ಲಿ ತೂಕ ಹೆಚ್ಚಿದಷ್ಟೂ ದೋಣಿ ಜಾಸ್ತಿ ವಾಲುತ್ತದೆ. ಸಾಗುವಾನಿ ಘನ ಮೀಟರಿಗೆ ಸುಮಾರು 650 ಕಿಲೋ, ಸಿಟ್ಕಾ ಸ್ಪ್ರೂಸ್ ಅನ್ನೋ ಮರ 430ರ ಆಸುಪಾಸು. ಅದು ಸಿಗದಿದ್ದರೆ ಡಗ್ಲಸ್ ಫರ್ ಮರ ಕೂಡ ಸಾಗುವಾನಿಗಿಂತ ಹಗುರ.

ಕಂಬದ ಒಳಗೆಲ್ಲ ಮರ ತುಂಬಿರಲೇಬೇಕು ಅಂತಲೂ ಇಲ್ಲ. ವಾಸ್ಕೋದಲ್ಲಿ ನಾವು ಕೆಲವು ಕನ್ನಡದವರು ಸೇರಿ ಮರದ ಎಂಟು ಪಟ್ಟಿಗಳಿಗೆ ವಿ ಆಕಾರದ ಕಚ್ಚು ಹಾಕಿ, ಎಪಾಕ್ಸಿ ಅಂಟಿನಲ್ಲಿ ಅಂಟಿಸಿ, ಒಳಗೆ ಟೊಳ್ಳು ಬಿಟ್ಟು ಕೂವೆಮರ ಮಾಡಿದೆವು. ಗೋಡೆಯ ದಪ್ಪ ವ್ಯಾಸದ ಐದನೇ ಒಂದು ಭಾಗ. ಬುಡದಲ್ಲಿ ಮತ್ತು ತಂತಿ-ಹಗ್ಗದ ಫಿಟ್ಟಿಂಗ್ ಕೂರುವ ಕಡೆ ಮಾತ್ರ ಒಳಗೆ ಮರ ತುಂಬಿದೆವು. ನೀರು ಇಳಿಯಲು ಕೆಳಗೊಂದು ತೂತು ಬೇಕೇ ಬೇಕು. ಪಟ್ಟಿ ಉದ್ದ ಸಾಲದಿದ್ದರೆ ದಪ್ಪದ 12 ಪಟ್ಟು ಉದ್ದಕ್ಕೆ ಓರೆಯಾಗಿ ಕೊಯ್ದು ಜೋಡಿಸಬೇಕು. ಅಂಟಿಸುವ ಕೆಲಸವೆಲ್ಲ ಜನವರಿ, ಫೆಬ್ರವರಿಯಲ್ಲೇ ಮುಗಿಯಬೇಕು, ಜೂನ್ ಬಂದರೆ ಮರ ತೇವ ಹೀರುತ್ತದೆ.

ಸಾಗುವಾನಿಯಲ್ಲಿ ಎಣ್ಣೆ ಇರುತ್ತದೆ, ಅಸಿಟೋನ್‌ನಲ್ಲಿ ಒರೆಸದೆ ಅಂಟಿಸಿದರೆ ಜೋಡಣೆ ಬಿಡಬಹುದು. ಅದನ್ನೇ ಹೇಳದೆ ಸಾಗುವಾನಿ ತಗೊಳ್ಳಿ ಅನ್ನೋದು ಸರಿಯಲ್ಲ, ದಯವಿಟ್ಟು ಲೇಖನದಲ್ಲಿ ಸೇರಿಸಿ.